ಏನ್ ಹೇರ್ತೀರಿ?

ಟೈರ್ ಅಂಗಡಿಯ ಹುಡುಗ ಕೇಳಿದ್ದು ಒಂದೇ ಮಾತು. "ಸರ್, ಇದರಲ್ಲಿ ಏನು ಹೇರ್ತೀರಿ?"

ನನಗೆ ಉತ್ತರ ಹೊಳೆಯಲಿಲ್ಲ. ಡಲ್ಲಾಸ್ ಪಕ್ಕದ ಈ ಊರಿಗೆ ಬಂದು ಹನ್ನೊಂದು ವರ್ಷ, ಪಿಕಪ್ ಕೊಂಡು ಐದು ವರ್ಷ. ಈ ಐದು ವರ್ಷದಲ್ಲಿ ಹೇರಿದ್ದೇನು ಅಂತ ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕೈತೋಟದ ಗೊಬ್ಬರ ನಾಲ್ಕು ಸಲ. ಗೆಳೆಯನ ಸೋಫಾ ಒಂದು ಸಲ. ಕನ್ನಡ ಕೂಟದ ಗಣಪತಿ ಮಂಟಪ ವರ್ಷಕ್ಕೊಂದು ಸಲ. ಅದೂ ಥರ್ಮಾಕೋಲ್ ಮಂಟಪ.

ನಾನು ಹೋಗಿದ್ದು ಎಲ್‌ಟಿ ಟೈರ್ ಹಾಕಿಸೋಕೆ. ಎಲ್‌ಟಿ ಅಂದರೆ ಲೈಟ್ ಟ್ರಕ್. ಎದುರು ಮನೆಯವರ ಗಾಡಿಗೆ ಅವೇ ಇವೆ, ನೋಡೋಕೆ ಒಳ್ಳೇ ಪೈಲ್ವಾನರ ಹಾಗೆ. ನನ್ನದಕ್ಕೆ ಕಂಪನಿಯಿಂದಲೇ ಬಂದದ್ದು ಪ್ಯಾಸೆಂಜರ್ ಟೈರ್, ಕಾರಿನ ಜಾತಿಯದು. ಹುಡುಗ ಡ್ರೈವರ್ ಬಾಗಿಲು ತೆಗೆದು ಕಂಬದ ಮೇಲಿನ ಸ್ಟಿಕ್ಕರ್ ತೋರಿಸಿದ. ಟೈರಿನ ಅಳತೆ ಪಿ265/70ಆರ್17, ಗಾಳಿ 35 ಪೌಂಡ್. "ನಿಮ್ಮದು ಹಾಫ್ ಟನ್ ಗಾಡಿ, ಅಂದರೆ ಹಗುರದ ಪಿಕಪ್. ಇದೇ ಸಾಕು. ಎಲ್‌ಟಿ ಜೊತೆಗೇ ಬಂದ ದೊಡ್ಡ ಗಾಡಿಯಾಗಿದ್ದರೆ ನಾನೇ ಪ್ಯಾಸೆಂಜರ್ ಹಾಕ್ತಿರಲಿಲ್ಲ" ಅಂದ. ಕಡಿಮೆ ಬೆಲೆಯದು ತಗೊಳ್ಳಿ ಅಂತ ಅಂಗಡಿಯವನೇ ಹೇಳುತ್ತಿದ್ದಾನೆ. ಸಂತೋಷಪಡಬೇಕಿತ್ತು. ನನಗೆ ಅವಮಾನವಾಯಿತು.

ಯಾಕಂದ್ರೆ ನಾನು ತಿಪಟೂರು ಕಡೆಯವನು. ನಮ್ಮ ಸೋದರಮಾವ ಟಾಟಾ 407 ಇಟ್ಟುಕೊಂಡಿದ್ದವರು. ಅವರ ಜೊತೆ ಟೈರ್ ಅಂಗಡಿಗೆ ಹೋದರೆ ಅಲ್ಲಿ ನಡೆಯುತ್ತಿದ್ದ ಮಾತು ಒಂದೇ, "ಎಷ್ಟು ಪ್ಲೈ?" ಪ್ಲೈ ಅಂದರೆ ಟೈರಿನೊಳಗಿನ ಪದರ. ಹದಿನಾರು ಪ್ಲೈ ನೈಲಾನ್ ಅಂದರೆ ಮಾವನ ಮುಖ ಅರಳುತ್ತಿತ್ತು. ಪ್ಲೈ ಜಾಸ್ತಿ ಇದ್ದಷ್ಟೂ ಟೈರ್ ಗಟ್ಟಿ, ಗಟ್ಟಿ ಇದ್ದಷ್ಟೂ ಒಳ್ಳೇದು. ನಾನು ಬೆಳೆದದ್ದು ಅದನ್ನೇ ಕೇಳಿಕೊಂಡು. ಈಗ ಈ ಹುಡುಗ ನನಗೆ ಕಾರಿನ ಟೈರ್ ಸಾಕು ಅಂತಾನೆ!

ಹಟಕ್ಕೆ ಬಿದ್ದು ಎಲ್‌ಟಿಯೇ ಹಾಕಿಸಿದೆ. ಅದರಲ್ಲೂ ಜಾಸ್ತಿ ಭಾರ ಹೊರುವ ಇ ದರ್ಜೆಯದು, ಇಲ್ಲಿಯವರ ಬಾಯಲ್ಲಿ ಟೆನ್ ಪ್ಲೈ. ನಾಲ್ಕಕ್ಕೆ 200 ಡಾಲರ್ ಜಾಸ್ತಿ ಆಯಿತು. ಮನೆಗೆ ಬಂದು ಮಂಡಿಯೂರಿ ಕೂತು ಟೈರಿನ ಪಕ್ಕೆಯ ಮೇಲಿದ್ದ ಸಣ್ಣ ಅಕ್ಷರ ಓದಿದೆ. ಪಾಲಿಯೆಸ್ಟರ್ 2, ಸ್ಟೀಲ್ 2, ನೈಲಾನ್ 1. ಎಷ್ಟು ಸಲ ಕೂಡಿದರೂ ಐದೇ. ಹತ್ತು ಪ್ಲೈ ಎಲ್ಲಿ ಹೋಯಿತು? ಆಮೇಲೆ ತಿಳೀತು, ಹತ್ತು ಅನ್ನೋದು ಹತ್ತಿನೂಲಿನ ಪದರ ಹಾಕುತ್ತಿದ್ದ ಕಾಲದ ಅಳತೆ. ಈಗ ಅದು ಬಲದ ಲೆಕ್ಕ ಮಾತ್ರ. ಮಾವನ ಹದಿನಾರೂ ಅಂಥದ್ದೇ ಇರಬೇಕು. ಅವರಿಗೆ ಹೇಳುವ ಧೈರ್ಯ ನನಗಿಲ್ಲ.

ಓಡಿಸಿದರೆ ಗದ್ದೆ ಬದುವಿನ ಮೇಲೆ ಎತ್ತಿನಗಾಡಿ ಹೋದಂತೆ. ಒಂದೊಂದು ಟೈರ್ ಹಳೆಯದಕ್ಕಿಂತ ನಾಲ್ಕೈದು ಕೆಜಿ ಜಾಸ್ತಿ ತೂಕ, ಪೆಟ್ರೋಲೂ ಜಾಸ್ತಿ ಕುಡಿಯುತ್ತೆ. ಹೆಂಡತಿ ಲೋಟದ ಕಾಫಿ ಸೀರೆ ಮೇಲೆ ಚೆಲ್ಲಿಕೊಂಡು ನನ್ನ ಕಡೆ ನೋಡಿದಳು. ಅಷ್ಟೇ, ಮಾತಾಡಲಿಲ್ಲ. ಹಾಗಂತ ಗಾಳಿ ಇಳಿಸೋಣ ಅಂದರೆ ಅದೂ ಆಗಲ್ಲ. ಈ ಟೈರ್ 80 ಪೌಂಡ್ ಗಾಳಿಯಲ್ಲಿ 1450 ಕೆಜಿ ಹೊರುತ್ತೆ ನಿಜ. ಆದರೆ ಹಳೇ ಸ್ಟಿಕ್ಕರಿನ 35 ಇಟ್ಟರೆ ಅದೇ ಅಳತೆಯ ಪ್ಯಾಸೆಂಜರ್ ಟೈರಿಗಿಂತ ಕಡಿಮೆ ಹೊರುತ್ತೆ! ಟೆಕ್ಸಾಸ್ ಬಿಸಿಲಿನಲ್ಲಿ ಗಾಳಿ ಕಮ್ಮಿ ಇಟ್ಟು ಓಡಿಸಿದರೆ ಟೈರ್ ಕಾದು ಸಿಡಿಯುವ ಭಯ ಬೇರೆ. ಹುಡುಗ ಯಾವ ಗಾಳಿಗೆ ಎಷ್ಟು ಭಾರ ಅನ್ನೋ ಪಟ್ಟಿ ನೋಡಿ 50ರ ಹತ್ತಿರ ತುಂಬಿಸಿ ಕಳಿಸಿದ್ದ.

ಭಾನುವಾರ ಮಾವನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ಅವರು ಮೊದಲು ಕೇಳಿದ್ದೇನು ಗೊತ್ತಾ?

"ಏನ್ ಹೇರ್ತೀಯೋ ಅದ್ರಲ್ಲಿ?"

"ಹೋದ ವಾರ ಅಕ್ಕಿ ತಂದೆ ಮಾವ."

"ಎಷ್ಟ್ ಮೂಟೆ?"

"ಎರಡು. ಒಂಬತ್ತೊಂಬತ್ತು ಕೆಜೀದು."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಅದುಕ್ಕೆ ಟಿವಿಎಸ್ ಎಕ್ಸೆಲ್ ಸಾಕಾಗಿತ್ತಲ್ಲೋ!"

ನನ್ನ ತಕರಾರು ಇಲ್ಲೇ ಇರೋದು. ನಮ್ಮ ಕಡೆ ಹೊರೆ ಮೊದಲು, ಗಾಡಿ ಆಮೇಲೆ. ಕೊಬ್ಬರಿ ಚೀಲ ಇತ್ತು, ಅದಕ್ಕೇ 407 ಬಂತು. ವಾಪಸ್ ಬರುವಾಗಲೂ ಖಾಲಿ ಬರಬಾರದು ಅಂತ ಮಾವ ಮಂಡಿಯಲ್ಲಿ ಅರ್ಧ ದಿನ ಕಾಯುತ್ತಿದ್ದರು. ಇಲ್ಲಿ ಗಾಡಿ ಮೊದಲು, ಆಮೇಲೆ ಟೈರ್. ಹೊರೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ವಾರದ ಕೊನೆಯಲ್ಲಿ ಅಂಗಡಿ ಮುಂದೆ ಸಾಲಾಗಿ ನಿಂತ ಪಿಕಪ್ಪುಗಳ ಹಿಂಭಾಗ ಇಣುಕಿ ನೋಡಿ. ಬಾಳೆಲೆ ಹಾಸಿ ಊಟಕ್ಕೆ ಕೂರಬಹುದು, ಅಷ್ಟು ಚೊಕ್ಕ. ಕೆಳಗೆ ಮಾತ್ರ ಬಂಡೆ ಹತ್ತುವ ಟೈರು. ಆ ಸಾಲಿನಲ್ಲಿ ನನ್ನದೂ ಒಂದು, ಇಲ್ಲ ಅನ್ನಲ್ಲ.

ಆದರೆ ಆ ಸ್ಟಿಕ್ಕರ್ ವಿಷಯ ಒಪ್ಪಲೇಬೇಕು. ಪ್ಯಾಸೆಂಜರ್ ಟೈರನ್ನು ಪಿಕಪ್ಪಿಗೆ ಹಾಕಿದರೆ ಅದು ಹೊರುವ ತೂಕವನ್ನು 1.1ರಿಂದ ಭಾಗಿಸಬೇಕು ಅಂತ ಇಲ್ಲಿ ನಿಯಮವಿದೆ. ಕಾರಿನಲ್ಲಿ 1150 ಕೆಜಿ ಹೊರುವ ಟೈರಿಗೆ ಪಿಕಪ್ಪಿನಲ್ಲಿ 1045 ಮಾತ್ರ. ಪಿಕಪ್ ಇಟ್ಟವನು ಒಂದಲ್ಲ ಒಂದು ದಿನ ಜಾಸ್ತಿ ಹೇರಿಯೇ ಹೇರುತ್ತಾನೆ ಅಂತ ಯಾರೋ ಮೊದಲೇ ಎಣಿಸಿದ್ದಾರೆ. ನಮ್ಮಲ್ಲಿ ಹಾಗೆ ಎಣಿಸಿದವರು ಇದ್ದರೋ ಏನೋ, ನಾವಂತೂ ಕೇಳಿಸಿಕೊಳ್ಳಲಿಲ್ಲ. ಸಿರಾ ರಸ್ತೆಯಲ್ಲಿ ಒಂದು ಮಧ್ಯಾಹ್ನ ಮಾವನ ಗಾಡಿಯ ಹಿಂದಿನ ಜೋಡಿ ಚಕ್ರದಲ್ಲಿ ಒಂದರ ರಿಸೋಲ್, ಅಂದರೆ ಸವೆದ ಟೈರಿನ ಮೇಲೆ ಅಂಟಿಸಿದ್ದ ಹೊಸ ರಬ್ಬರ್ ಪಟ್ಟಿ, ಕಿತ್ತು ಹೋಯಿತು. ಪಟ್ಟಿ ಹಾವಿನ ಹಾಗೆ ಬಿಸಿ ಟಾರಿನ ಮೇಲೆ ಬಿದ್ದಿತ್ತು. ಚೀಲ ಒಡೆದು ಕೊಬ್ಬರಿ ಎಲ್ಲಾ ರಸ್ತೆಗೆ. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಎರಡು, ಎರಡೂವರೆ ಟನ್ನಿನ ಗಾಡಿಗೆ ಆವತ್ತು ನಾಲ್ಕು ಟನ್ ಹೇರಿದ್ದೆ ಅಂತ ಮಾವ ಅತ್ತೆಗೆ ಇವತ್ತಿಗೂ ಹೇಳಿಲ್ಲ.

ಮಾವ ಬೆಳಿಗ್ಗೆ ಹೊರಡುವ ಮುಂಚೆ ಜಾಕಿ ರಾಡಿನಿಂದ ಆರೂ ಟೈರಿಗೆ ಒಂದೊಂದು ಏಟು ಹಾಕಿ, ಸದ್ದು ಕೇಳಿಯೇ ಗಾಳಿ ಎಷ್ಟಿದೆ ಅಂತ ಹೇಳುತ್ತಿದ್ದರು. ಮೊನ್ನೆ ನಾನೂ ರಾಡ್ ತಗೊಂಡು ಹೋಗಿ ಹಾಗೇ ಒಂದು ಕುಟ್ಟಿದೆ. ಎದುರು ಮನೆಯವರು ಕಿಟಕಿ ಪರದೆ ಸರಿಸಿ ನೋಡಿದರು. ಇನ್ನೊಂದು ಕುಟ್ಟಿದೆ. ಎರಡೂ ಸದ್ದು ಒಂದೇ ಥರ ಕೇಳಿಸಿತು. ಒಳಗೆ ಹೋಗಿ ಗೇಜ್ ತಂದೆ.