ಹಿಡಿದು ಬಿಡುವ ಗೆಂಡೆ, ಹಿಡಿದು ತಿನ್ನುವ ಗೆಂಡೆ

ಜನವರಿಯ ಒಂದು ಭಾನುವಾರ, ಇಂಗ್ಲೆಂಡಿನ ರೆಡಿಂಗ್ ಊರಿನಾಚೆಯ ಕೆರೆಯೊಂದರ ದಡದಲ್ಲಿ ಆರು ಗಂಟೆ ಕೂತು, ಒಂದೇ ಒಂದು ಗೆಂಡೆ ಮೀನನ್ನು ಹಿಡಿದು, ತೂಗಿ ನೋಡಿ, ಮತ್ತೆ ನೀರಿಗೆ ಬಿಟ್ಟು ಬಂದೆನೆಂದು ಸೊರಬದಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಐದು ಕಿಲೋ ಇತ್ತು ಎಂದೂ ಸೇರಿಸಿದೆ. "ಬಿಡಕ್ಕಾದ್ರೆ ಆ ಚಳೀಲಿ ಹೋಗಿದ್ದು ಎಂತಕ್ಕೆ ಮಾರಾಯ?" ಎಂದು ಅಮ್ಮ ಕೇಳಿದರು. ಇದಕ್ಕೆ ಉತ್ತರ ಹೊಂದಿಸಲು ಹೊರಟ ಮೇಲೆ ನನಗೆ ಅನಿಸಿದ್ದಿಷ್ಟು: ಇಲ್ಲಿಯ ರೀತಿ ಮೇಲೋ ನಮ್ಮ ಕಡೆಯದು ಮೇಲೋ ಎಂಬ ಚರ್ಚೆಯೇ ವ್ಯರ್ಥ, ಯಾವ ನೀರಿಗೆ ಯಾವ ರೀತಿ ಒಗ್ಗುತ್ತದೆ ಎಂಬುದನ್ನಷ್ಟೇ ನೋಡಬೇಕು.

ಮೊದಲು ಚಳಿಯ ವಿಷಯ. ಗೆಂಡೆಯ ಮೈಬಿಸಿ ಸುತ್ತಲಿನ ನೀರನ್ನೇ ಅನುಸರಿಸುತ್ತದೆ. ಬೇಸಿಗೆಯಲ್ಲಿ 20 ಡಿಗ್ರಿಯ ನೀರಿನಲ್ಲಿ ಕೆಸರು ಕೆದಕುತ್ತ ತಿರುಗುವ ಮೀನು, ನೀರು 5–6 ಡಿಗ್ರಿಗೆ ಇಳಿದಾಗ ಗುಂಪುಗೂಡಿ ಒಂದೆಡೆ ನಿಂತುಬಿಡುತ್ತದೆ. ಕೆಲವು ದಿನ ಏನನ್ನೂ ಮುಟ್ಟುವುದಿಲ್ಲ. ಅದಕ್ಕೆ ಜಠರವೆಂಬುದೇ ಇಲ್ಲ. ಗಂಟಲ ಹಲ್ಲುಗಳಲ್ಲಿ ಅರೆದದ್ದು ನೇರವಾಗಿ ಕರುಳಿಗೆ ಇಳಿಯುತ್ತದೆ, ಚಳಿಯಲ್ಲಿ ಅದು ಅರಗುವುದೂ ಬಹಳ ನಿಧಾನ. ಆದ್ದರಿಂದ ಬೇಸಿಗೆಯಂತೆ ಕಿಲೋಗಟ್ಟಲೆ ಎರೆ ಎರಚಿದರೆ ಅದು ತಳದಲ್ಲಿ ಕೊಳೆಯುತ್ತದೆಯೇ ಹೊರತು ಮೀನು ಹತ್ತಿರ ಬರುವುದಿಲ್ಲ. ಒಂದು ಹಿಡಿ ಸಿಹಿಜೋಳದ ಕಾಳು ಅಥವಾ ಒಂದಿಷ್ಟು ನೊಣದ ಮರಿಹುಳು ಸಾಕು. ಎಷ್ಟು ಹಾಕಿದೆ ಎನ್ನುವುದಕ್ಕಿಂತ ಎಲ್ಲಿ ಹಾಕಿದೆ ಎನ್ನುವುದರಲ್ಲಿ ಚಳಿಗಾಲದ ಬೇಟೆ ನಿಂತಿದೆ.

ನೀರು 4 ಡಿಗ್ರಿಯಲ್ಲಿ ಅತಿ ಭಾರವಾಗುವುದರಿಂದ ಹೆಪ್ಪುಗಟ್ಟುವ ರಾತ್ರಿಗಳ ನಂತರ ಆಳದ ನೀರೇ ಬೆಚ್ಚಗಿರುತ್ತದೆ ಎನ್ನುವುದು ಪಾಠದ ಲೆಕ್ಕ. ಆದರೆ ಈ ಭಾಗದ ಹೆಚ್ಚಿನ ಕೆರೆಗಳು ಕಟ್ಟಡಗಳಿಗಾಗಿ ಜಲ್ಲಿ ಅಗೆದು ಬಿಟ್ಟ ಹೊಂಡಗಳು. ಅಷ್ಟೇನೂ ಆಳವಿಲ್ಲದ ಇವುಗಳಲ್ಲಿ ಗಾಳಿ ಬೀಸಿತೆಂದರೆ ಮೇಲಿನ ನೀರು ಕೆಳಗಿನ ನೀರು ಕಲಸಿ ಒಂದೇ ಆಗುತ್ತದೆ. ಹಾಗಾಗಿ ನಾನು ಆಳಕ್ಕಿಂತ ಬಿಸಿಲನ್ನು ನಂಬುತ್ತೇನೆ. ಸೂರ್ಯ ದಕ್ಷಿಣದಲ್ಲಿ ತಗ್ಗಾಗಿಯೇ ಸಾಗಿ ನಾಲ್ಕು ಗಂಟೆಗೆಲ್ಲ ಮುಳುಗುವ ಈ ದಿನಗಳಲ್ಲಿ ಕೆರೆಯ ಉತ್ತರ ದಡಕ್ಕೆ ಬಿಸಿಲೂ ಹೆಚ್ಚು, ಬಡಗಣ ಗಾಳಿಯಿಂದ ಮರೆಯೂ ಉಂಟು. ನೈಋತ್ಯದ ಬೆಚ್ಚನೆಯ ಗಾಳಿ ಎರಡು ದಿನ ಬೀಸಿ, ಮೋಡ ಸರಿದು, ಮಧ್ಯಾಹ್ನ ಒಂದರಿಂದ ಮೂರರವರೆಗೆ ಬಿಸಿಲು ಬಿದ್ದರೆ, ಆ ಎರಡು ಗಂಟೆಯಲ್ಲಿ ಏನಾದರೂ ಆದೀತು. ಗುಳ್ಳೆ ಏಳುವುದನ್ನು, ಎಲ್ಲೋ ಬೆನ್ನೊಂದು ಹೊರಳಿ ಮುಳುಗುವುದನ್ನು ಕಣ್ಣಿಟ್ಟು ಕಾಯುವ ಈ ಕೆಲಸ ನನಗೆ ಹೊಸದೇನಲ್ಲ. ವಾಟೆ ಕೋಲಿಗೆ ದಾರ ಕಟ್ಟಿ, ನವಿಲುಗರಿಯ ದಂಟನ್ನೇ ಬೆಂಡು ಮಾಡಿ, ಎರೆಹುಳು ಚುಚ್ಚಿ ಊರ ಕೆರೆಯಲ್ಲಿ ಗಾಳ ಹಾಕುತ್ತಿದ್ದಾಗಲೂ ಇದನ್ನೇ ಮಾಡುತ್ತಿದ್ದೆವು. ಇಂಗ್ಲಿಷರ ಹಳೆಯ ಬೆಂಡುಗಳೂ ನವಿಲುಗರಿಯ ದಂಟಿನವೇ ಎಂದು ತಿಳಿದಾಗ ನನಗೆ ಆದ ಖುಷಿ ಇಲ್ಲಿ ಯಾರಿಗೂ ಅರ್ಥವಾಗಲಿಲ್ಲ.

ವ್ಯತ್ಯಾಸ ಎದ್ದು ಕಾಣುವುದು ಸಾಮಾನಿನಲ್ಲಿ. ಮೂರು ಕೋಲು, ಮೀನು ಎಳೆದೊಡನೆ ಕೂಗುವ ಅಲಾರಾಂ, ಗುಡಾರ, ಮಡಚುವ ಮಂಚ ಎಲ್ಲವನ್ನೂ ಒಂದು ಕೈಗಾಡಿಯಲ್ಲಿ ಹೇರಿ ತರುವವರನ್ನು ನೋಡಿದರೆ ವಾರದ ಜಾತ್ರೆಗೆ ಬಂದವರಂತೆ ಕಾಣುತ್ತದೆ. ಅಲಾರಾಂ ಇಟ್ಟು ಗುಡಾರದೊಳಗೆ ನಿದ್ದೆ ಹೋಗುವುದನ್ನು ತಾಳ್ಮೆ ಎಂದು ಕರೆಯಲು ನನಗಂತೂ ಮನಸ್ಸು ಬರುವುದಿಲ್ಲ. ಚಳಿ ತಡೆಯಲಾರದೆ ಆ ಗುಡಾರದೊಳಗೆ ಸ್ಟವ್ ಹಚ್ಚಿಟ್ಟು, ಕಾರ್ಬನ್ ಮೊನಾಕ್ಸೈಡ್ ತುಂಬಿಕೊಂಡು ಸತ್ತವರಿದ್ದಾರೆ. ಹೊಸದಾಗಿ ಬಂದ ನಮ್ಮವರು ಇದೊಂದನ್ನು ಮರೆಯಬಾರದು.

ಆದರೆ ಮೀನು ಕೈಬಲೆಗೆ ಬಂದ ಮೇಲೆ ಇವರು ತೋರಿಸುವ ಜಾಗ್ರತೆಗೆ ನಾನು ತಲೆಬಾಗುತ್ತೇನೆ. ಹಿಮ್ಮುಳ್ಳಿಲ್ಲದ ಗಾಳ, ಮೊದಲೇ ಒದ್ದೆ ಮಾಡಿಟ್ಟ ಮೆತ್ತನೆಯ ಹಾಸು, ನೀರಿನಲ್ಲಿ ಅದ್ದಿಕೊಂಡ ಕೈ, ಗಾಳ ಚುಚ್ಚಿದಲ್ಲಿಗೆ ಔಷಧ. ಶೂನ್ಯಕ್ಕಿಂತ ಕೆಳಗಿನ ಗಾಳಿಯಲ್ಲಿ ಕಿವಿರಿನ ತೇವವೇ ಹೆಪ್ಪುಗಟ್ಟಬಹುದಾದ್ದರಿಂದ ಫೋಟೋ ತೆಗೆಯುವುದೂ ಕ್ಷಣಾರ್ಧದ ಕೆಲಸ. ಕಾರಣವೂ ಇದೆ. ಈ ನೀರುಗಳಲ್ಲಿ ಗೆಂಡೆ ದಶಕಗಟ್ಟಲೆ ಬದುಕುತ್ತದೆ, ಅದಕ್ಕೊಂದು ಹೆಸರೂ ಇರುತ್ತದೆ. ಕೆಂಟ್ ಪ್ರಾಂತ್ಯದ ಕಾನಿಂಗ್‌ಬ್ರೂಕ್ ಕೆರೆಯಲ್ಲಿದ್ದ, ಮೂವತ್ತು ಕಿಲೋ ಮೀರಿ ತೂಗಿದ್ದ ಟೂ ಟೋನ್ ಎಂಬ ಗೆಂಡೆ 2010ರಲ್ಲಿ ಸತ್ತಾಗ ಅದಕ್ಕೆ ಸುಮಾರು 45 ವರ್ಷ ಆಗಿತ್ತೆನ್ನುತ್ತಾರೆ. ಅದನ್ನು ಮಣ್ಣು ಮಾಡಿದ್ದು ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಅದೇ ವರ್ಷ ಬಂದ ನಿಯಮದ ಪ್ರಕಾರ ಇಂಗ್ಲೆಂಡಿನ ನದಿಗಳಲ್ಲಿ ಗಾಳಕ್ಕೆ ಸಿಕ್ಕ 20 ಸೆಂಟಿಮೀಟರ್‌ಗಿಂತ ಉದ್ದದ ಗೆಂಡೆಯನ್ನು ಮನೆಗೆ ಒಯ್ಯುವಂತಿಲ್ಲ. ನನ್ನ ಪೋಲೆಂಡಿನ ಸಹೋದ್ಯೋಗಿಗೆ ಇದು ಇಂದಿಗೂ ನಗೆಪಾಟಲು; ಅವರ ಮನೆಯಲ್ಲಿ ಕ್ರಿಸ್‌ಮಸ್ ಹಿಂದಿನ ರಾತ್ರಿಯ ಊಟಕ್ಕೆ ಗೆಂಡೆ ಆಗಲೇಬೇಕು, ಹಿಂದೆಲ್ಲ ಅದನ್ನು ಸ್ನಾನದ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಳ್ಳುತ್ತಿದ್ದರಂತೆ. ಇಂಗ್ಲೆಂಡಿಗೂ ಈ ಮೀನನ್ನು ಮಧ್ಯಯುಗದಲ್ಲಿ ತಂದು ಕೊಳಗಳಲ್ಲಿ ಸಾಕಿದ್ದು ತಿನ್ನುವುದಕ್ಕೆಂದೇ.

ಇಲ್ಲಿ ಕೆಲವು ವರ್ಷ ಇದ್ದು ಊರಿಗೆ ಹೋಗುವ ನಮ್ಮವರಲ್ಲಿ ಕೆಲವರು, ಹಿಡಿದು ಬಿಡುವುದೇ ನಾಗರಿಕತೆ ಎಂದು ಅಲ್ಲಿಯವರಿಗೆ ಬುದ್ಧಿ ಹೇಳುವುದನ್ನು ಕೇಳಿದ್ದೇನೆ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ಕೆರೆಗಳಿಗೆ ಮಳೆಗಾಲದಲ್ಲಿ ಕಾಟ್ಲಾ, ರೋಹು, ಗೆಂಡೆಯ ಮರಿ ಬಿಡುವುದೇ ಆಹಾರಕ್ಕಾಗಿ, ಗುತ್ತಿಗೆ ಹಿಡಿದವನ ಹೊಟ್ಟೆಪಾಡಿಗಾಗಿ. ಬೇಸಿಗೆಯಲ್ಲಿ ನೀರು ಮೊಣಕಾಲಿಗೆ ಇಳಿದಾಗ ಉಳಿದ ಮೀನು ಹೇಗೂ ಬದುಕುವುದಿಲ್ಲ. ಸೊರಬ, ಸಾಗರದ ಕಡೆ ಆಗಲೇ ಕೆರೆಬೇಟೆ ನಡೆಯುವುದು, ಊರಿಗೆ ಊರೇ ಕೂಣಿ ಎಂಬ ಬಿದಿರಿನ ಮೀನುಬುಟ್ಟಿ ಹಿಡಿದು ಕೆರೆಗಿಳಿಯುವುದು. ಬತ್ತುತ್ತಿರುವ ಕೆರೆಗೆ ಮೀನನ್ನು ಮರಳಿ ಬಿಡುವುದರಲ್ಲಿ ಯಾವ ದಯೆಯಿದೆ? ಬಿಡುವ ರೀತಿಯೂ ನಮಗೆ ಗೊತ್ತಿಲ್ಲದ್ದಲ್ಲ. ಶೃಂಗೇರಿಯಲ್ಲಿ, ಶಿಶಿಲದಲ್ಲಿ, ತೀರ್ಥಹಳ್ಳಿ ಸೀಮೆಯ ಚಿಬ್ಬಲಗುಡ್ಡೆಯಲ್ಲಿ ನದಿಯ ದೊಡ್ಡ ಮೀನುಗಳಿಗೆ ಮಂಡಕ್ಕಿ ಹಾಕುತ್ತೇವೆ, ಗಾಳ ಹಾಕುವುದಿಲ್ಲ. ಕಾವೇರಿಯ ಬಿಳಿಮೀನೂ (ಮಹಶೀರ್) ಗೆಂಡೆಯ ಕುಲದ್ದೇ. ಅಳಿವಿನ ಅಂಚಿಗೆ ಬಂದಿರುವ ಆ ಮೀನಿಗೆ ಇಂಗ್ಲಿಷರ ಒದ್ದೆ ಹಾಸಿನ ಜಾಗ್ರತೆಯೂ ಸಾಲದು. ಊರ ಕೆರೆಯ ಗೆಂಡೆಗೆ ಅದು ಬೇಕಾಗಿಲ್ಲ.

ಇದನ್ನೆಲ್ಲ ಅಮ್ಮನಿಗೆ ಇಷ್ಟು ಉದ್ದಕ್ಕೆ ಹೇಳಲಿಲ್ಲ. ಚಿಬ್ಬಲಗುಡ್ಡೆಯ ಮೀನಿದ್ದ ಹಾಗೆ ಇವರಿಗೆ ಈ ಗೆಂಡೆ ಎಂದಷ್ಟೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅಟ್ಟದ ಮೇಲಿನ ಕೂಣಿಯ ಕಟ್ಟು ಸಡಿಲವಾಗಿದೆ, ಏಪ್ರಿಲ್‌ನಲ್ಲಿ ಬರುವಾಗ ಅಲ್ಲಿಯ ಗಟ್ಟಿ ಗಾಳದ ದಾರ ಒಂದು ಸುರುಳಿ ತೆಗೆದುಕೊಂಡು ಬಾ ಎಂದರು.