ಕಾಣದ ಸೀರೀಸಿಗೆ ನನ್ನದೊಂದು ವಿಮರ್ಶೆ

ಕಳೆದ ವಾರ ಹೊಸದೊಂದು ಸೀರೀಸ್ ನೋಡಿ ಮುಗಿಸಿದೆ. ನೋಡಿದೆ ಅನ್ನುವುದು ಸ್ವಲ್ಪ ಜಾಸ್ತಿಯಾಯ್ತು. ಎಂಟು ಕಂತೂ ಟಿವಿ ಎದುರು ಕೂತಿದ್ದೆ, ಅಷ್ಟು ನಿಜ. ಯುದ್ಧದ ಕಂತಿನಲ್ಲಿ ನನಗೆ ಸ್ಪಷ್ಟವಾಗಿ ಕಂಡಿದ್ದು ಎರಡೇ: ನನ್ನ ಮುಖ, ಅದರ ಹಿಂದೆ ತಿರುಗುತ್ತಿದ್ದ ಫ್ಯಾನು. ಟಿವಿ ಅಷ್ಟು ಕಪ್ಪು.

ತಪ್ಪು ನನ್ನದೇ ಇರಬೇಕು ಅಂತ ಎದ್ದು ಕರ್ಟನ್ ಎಳೆದೆ. ಲೈಟ್ ಆರಿಸಿದೆ. ಬ್ರೈಟ್‌ನೆಸ್ ನೂರಕ್ಕೆ ಏರಿಸಿದೆ. ಕಪ್ಪು ಹೋಗಿ ಬೂದು ಬಂತು. ಯಾರೋ ಯಾರನ್ನೋ ಇರಿದರು. ಸತ್ತಿದ್ದು ನಾಯಕನೋ ಕುದುರೆಯೋ ಅಂತ ತಿಳಿಯಲು ಮುಂದಿನ ಕಂತಿನ ತನಕ ಕಾಯಬೇಕಾಯ್ತು.

ಈ ಕತ್ತಲೆಗೆ ದೊಡ್ಡ ಮನೆತನದ ಹಿನ್ನೆಲೆಯೇ ಇದೆ. 2019ರಲ್ಲಿ 'ಗೇಮ್ ಆಫ್ ಥ್ರೋನ್ಸ್'ನ ಕೊನೆಯ ಸೀಸನ್ನಿನಲ್ಲಿ 82 ನಿಮಿಷದ ರಾತ್ರಿ ಯುದ್ಧವೊಂದು ಬಂತು. ಏನೂ ಕಾಣಲಿಲ್ಲ ಅಂತ ಜನ ಗೋಳಾಡಿದರು. ಆಗ ಅದರ ಛಾಯಾಗ್ರಾಹಕರು ಕೊಟ್ಟ ಕಾರಣಗಳಲ್ಲೊಂದು ಏನು ಗೊತ್ತಾ? ತುಂಬಾ ಜನರಿಗೆ ತಮ್ಮ ಟಿವಿಯ ಸೆಟ್ಟಿಂಗ್ ಸರಿ ಮಾಡಿಕೊಳ್ಳಲು ಬರುವುದಿಲ್ಲವಂತೆ! ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ. ಗಾದೆಯಲ್ಲಾದರೂ ನೆಲ ಅವಳು ಕುಣಿಯುವ ಜಾಗದ್ದು. ಇಲ್ಲಿ ಡೊಂಕಾಗಿದ್ದು ನಮ್ಮ ಮನೆಯ ನೆಲ. ಅಡ್ಡಗೋಡೆ ಮೇಲೆ ಒಂದು ದೀಪ ಇಟ್ಟಿದ್ದರೂ ಸಾಕಿತ್ತಲ್ವಾ, ಎರಡೂ ಕಡೆ ಏನೋ ಒಂದಿಷ್ಟು ಕಾಣುತ್ತಿತ್ತು.

ಮಾತಾದರೂ ಕೇಳಿಸುತ್ತದಾ? ಅದೂ ಇಲ್ಲ. ಎಲ್ಲರೂ ಪಿಸುಗುಡುತ್ತಾರೆ. ಸರಿ ಅಂತ ವಾಲ್ಯೂಮ್ ಏರಿಸಿದರೆ ತಕ್ಷಣ ಸೇತುವೆ ಸ್ಫೋಟ. ಕೊನೆಗೆ ಸಬ್‌ಟೈಟಲ್ ಹಾಕಿದೆ. ಗವ್ವೆನ್ನುವ ಕತ್ತಲಲ್ಲಿ ಬಿಳಿ ಅಕ್ಷರ ಮೂಡಿತು: 'ಜೋರಾಗಿ ಉಸಿರಾಡುತ್ತಾಳೆ.' ಕಾದಂಬರಿಯನ್ನು ಸೀರೀಸ್ ಮಾಡುವುದು ಓದಲು ಬೇಜಾರಿರುವವರಿಗೆ ಅಂದುಕೊಂಡಿದ್ದೆ. ಈಗ ಸೀರೀಸನ್ನೇ ಓದುತ್ತಿದ್ದೇನೆ.

ಹೌದು, ಇದು ಕಾದಂಬರಿ ಆಧಾರಿತ. ತೆಳ್ಳನೆಯ ಕಾದಂಬರಿ, ಒಂದೇ ಮಧ್ಯಾಹ್ನ ಓದಿ ಮುಗಿಸಿದ್ದೆ. ಅದರಲ್ಲಿ 'ಅವಳು ಮನೆ ಬಿಟ್ಟಳು' ಅಂತ ಒಂದು ಸಾಲು. ಟಿವಿಯಲ್ಲಿ ಅದು ಒಂದು ಇಡೀ ಕಂತು. ಬಾಗಿಲು. ಬಾಗಿಲಿನ ಹಿಡಿ. ಹಿಡಿಯ ಮೇಲೆ ಬೆರಳು. ಬಾಲ್ಯದ ನೆನಪು. ಮತ್ತೆ ಬಾಗಿಲು. ಅಷ್ಟೊತ್ತಿಗೆ ನಾನೇ ಎದ್ದು ಮನೆ ಬಿಡೋಣ ಅನ್ನಿಸಿತ್ತು.

ತೆಳ್ಳಗಿದ್ದರೆ ಎಳೆಯುತ್ತಾರೆ, ದಪ್ಪಗಿದ್ದರೆ ನಡುದಾರಿಯಲ್ಲಿ ಇಳಿಸಿ ಹೋಗುತ್ತಾರೆ. 'ದಿ ಹಾಬಿಟ್' ಒಂದೇ ಪುಸ್ತಕ. 2012ರಿಂದ 2014ರ ತನಕ ವರ್ಷಕ್ಕೊಂದರಂತೆ ಮೂರು ಸಿನಿಮಾ ಆಯ್ತು. 'ದಿ ವೀಲ್ ಆಫ್ ಟೈಮ್' 14 ಸಂಪುಟಗಳ ಸರಣಿ. ಅದರ ಸೀರೀಸನ್ನು ಮೂರೇ ಸೀಸನ್ನಿಗೆ 2025ರಲ್ಲಿ ನಿಲ್ಲಿಸಿದರು. ಕಾಲಚಕ್ರ ಪಂಕ್ಚರ್.

ನಿನ್ನೆ ಗೆಳೆಯ ಫೋನ್ ಮಾಡಿದ್ದ. "ಏನೋ, ಆ ಸೀರೀಸ್ ನೋಡಬಹುದಾ?"

"ನೋಡೋಕಾಗಲ್ಲ ಮಾರಾಯ. ಆದರೆ ನಾಯಕಿ ಮಾತ್ರ ಬಹಳ ಚೆನ್ನಾಗಿ ಉಸಿರಾಡಿದ್ದಾಳೆ" ಅಂದೆ.