ಒರ್ಲ್ಯಾಂಡೊದ ಒಂದು ವಾರ, ಊರಿನ ಒಂದು ಪಾಲು

ಅಟ್ಲಾಂಟಾದಿಂದ ಒರ್ಲ್ಯಾಂಡೊಗೆ ಕಾರಿನಲ್ಲಿ ಏಳು ಗಂಟೆ. ಮಕ್ಕಳಿಗೆ ಸ್ಪ್ರಿಂಗ್ ಬ್ರೇಕ್, ತೀರ್ಥಹಳ್ಳಿ ಕಡೆಯಿಂದ ಅಪ್ಪಯ್ಯ, ಅಮ್ಮ ಬಂದಿದ್ದರು. ಹೋಟೆಲ್ ಲಾಬಿಯಲ್ಲಿ ಒಂದು ಮೇಜು ಹಾಕಿಕೊಂಡು ಕೂತಿದ್ದ ಹುಡುಗಿ ನಗುನಗುತ್ತಾ ಕರೆದಳು. ತೊಂಬತ್ತು ನಿಮಿಷ ಕೂತು ನಾವು ಹೇಳೋದನ್ನ ಕೇಳಿದರೆ ಸಾಕು, ಥೀಮ್ ಪಾರ್ಕಿನ ಎರಡು ಟಿಕೆಟ್ ಪುಕ್ಕಟೆ, ಬೆಳಗಿನ ತಿಂಡಿಯೂ ನಮ್ಮದೇ ಅಂದಳು. ಆರು ಜನಕ್ಕೆ ಟಿಕೆಟ್ ತೆಗೆದು ಜೇಬು ಹಗುರಾಗಿದ್ದ ನಾನು ಹೂಂ ಅಂದುಬಿಟ್ಟೆ.

ಮಾರನೇ ದಿನ ನಮ್ಮನ್ನು ಒಂದು ಮಾದರಿ ಮನೆಗೆ ಕರೆದುಕೊಂಡು ಹೋದರು. ಎರಡು ಬೆಡ್‌ರೂಮ್, ಬಾಲ್ಕನಿ, ಬಟ್ಟೆ ಒಗೆಯುವ ಮೆಷಿನ್, ಕೆಳಗೆ ಈಜುಕೊಳ. ನಮ್ಮ ಸರ್‌ನೇಮ್ ನೋಡಿಯೇ ಇರಬೇಕು, ಗುಜರಾತಿ ಮೂಲದ ಒಬ್ಬ ಸೇಲ್ಸ್‌ಮನ್‌ನನ್ನು ನಮಗೆ ಗಂಟು ಹಾಕಿದ್ದರು. ಅಪ್ಪಯ್ಯನ ಹೆಗಲ ಮೇಲೆ ಕೈಯಿಟ್ಟು 'ಅಂಕಲ್‌ಜೀ' ಅಂತ ಶುರು ಮಾಡಿದ. ಅಮ್ಮ ಸೀದಾ ಅಡುಗೆಮನೆಗೆ ಹೋಗಿ ಕಪಾಟುಗಳನ್ನೆಲ್ಲ ತೆಗೆದು ನೋಡಿ, ಒಲೆಯ ಗುಂಡಿ ತಿರುಗಿಸಿ, ನನ್ನ ಕಿವಿಯಲ್ಲಿ ಕೇಳಿದರು: 'ಇಲ್ಲಿ ಕುಕ್ಕರ್ ಕೂಗಿದ್ರೆ ಬೈಯಲ್ವಾ ಇವರು?'

ಮೊದಲು ಹೇಳಿದ ಬೆಲೆ 21,900 ಡಾಲರ್. ವರ್ಷಕ್ಕೊಂದು ವಾರ ಈ ಮನೆ ನಿಮ್ಮದು, ಜೀವನಪೂರ್ತಿ, ನಿಮ್ಮ ಮಕ್ಕಳಿಗೂ. ಇದಕ್ಕೆ ಟೈಮ್‌ಶೇರ್ ಅಂತ ಹೆಸರು. ನಾನು ತಲೆ ಅಲ್ಲಾಡಿಸಿದೆ. ಮ್ಯಾನೇಜರ್ ಬಂದ. ಬೆಲೆ 15,900ಕ್ಕೆ ಇಳಿಯಿತು, ಆದರೆ ಇವತ್ತು ಒಂದೇ ದಿನ. ಈಗ 2,000 ಕೊಡಿ, ಉಳಿದದ್ದು ಹತ್ತು ವರ್ಷದ ಸಾಲ, ತಿಂಗಳಿಗೆ 223 ಡಾಲರ್ ಅಷ್ಟೇ. ತೊಂಬತ್ತು ನಿಮಿಷ ಮೂರು ಗಂಟೆಯಾಗಿತ್ತು. ಮಕ್ಕಳು ಎರಡನೇ ಸಲ ಐಸ್‌ಕ್ರೀಂ ತಿಂದು ಮುಗಿಸಿದ್ದರು. ನನ್ನ ಜೊತೆ ಕೆಲಸ ಮಾಡುವ ಅಮೆರಿಕದವನಾಗಿದ್ದರೆ 'ನೋ, ಥ್ಯಾಂಕ್ಯೂ' ಅಂತ ಎದ್ದು ಹೋಗುತ್ತಿದ್ದ. ನಮ್ಮದು ಆ ಜಾತಕ ಅಲ್ಲ ನೋಡಿ. ಅವರ ಕಾಫಿ ಕುಡಿದಾಗಿದೆ, ಅವರ ಮಫಿನ್ ತಿಂದಾಗಿದೆ, ಪಾಪ ಅವನೂ ಅಷ್ಟೊತ್ತಿಂದ ಮಾತಾಡಿದ್ದಾನೆ. ಇದಕ್ಕೆ ದಾಕ್ಷಿಣ್ಯ ಅನ್ನುತ್ತಾರೆ. ಇದಕ್ಕೆ ಸರಿಯಾದ ಇಂಗ್ಲಿಷ್ ಪದ ನನಗೆ ಇನ್ನೂ ಸಿಕ್ಕಿಲ್ಲ. ಸಹಿ ಹಾಕಿದೆ. ಪುಟಕ್ಕೊಂದು ಇನಿಷಿಯಲ್, ಒಟ್ಟು ಎಷ್ಟು ಪುಟವೋ ದೇವರಿಗೇ ಗೊತ್ತು. ಹಿಂದೆ ಯಾರೋ ಬಾಟಲಿಯ ಮುಚ್ಚಳ ಹಾರಿಸಿದರು, ಕೋಣೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಅಪ್ಪಯ್ಯನೂ ತಟ್ಟಿದರು, ಯಾಕೆ ಅಂತ ಗೊತ್ತಿಲ್ಲದೆ.

ಸಂಜೆ ರೂಮಿಗೆ ಬಂದ ಮೇಲೆ ಅಪ್ಪಯ್ಯ ಕನ್ನಡಕ ಹಾಕಿಕೊಂಡು ಆ ಕಡತ ಬಿಚ್ಚಿದರು. ಅವರು ಮೂವತ್ತು ವರ್ಷ ಸೊಸೈಟಿಯಲ್ಲಿ ಲೆಕ್ಕ ಬರೆದವರು. ಬಣ್ಣದ ಬ್ರೋಷರ್ ಮಗುಚಿ, ಅದರ ಬಿಳಿ ಬೆನ್ನಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದರು.

'ಬಡ್ಡಿ ಎಷ್ಟು ಹಾಕಿದಾನೆ?'

'ಶೇಕಡಾ 14.9.'

'ನಿನ್ನ ಮನೆ ಸಾಲಕ್ಕೆ?'

'ಮೂರು ಚಿಲ್ಲರೆ.'

ಅವರು ಏನೂ ಅನ್ನಲಿಲ್ಲ. 223ನ್ನು 120ರಿಂದ ಗುಣಿಸಿದರು, ಎರಡು ಸಾವಿರ ಕೂಡಿಸಿದರು. 28,760. ಅಂದರೆ 15,900ರ ಸಾಮಾನಿಗೆ ಸುಮಾರು ಇಪ್ಪತ್ತೊಂಬತ್ತು ಸಾವಿರ. ಆಮೇಲೆ ಮೇಂಟೆನೆನ್ಸ್, ಅಂದರೆ ಮನೆಯ ನಿರ್ವಹಣೆಗೆ ವರ್ಷವರ್ಷವೂ ಕಟ್ಟಬೇಕಾದ ದುಡ್ಡು. ಮೊದಲ ವರ್ಷ 1,150 ಡಾಲರ್. ವರ್ಷಕ್ಕೆ ನೂರಕ್ಕೆ ಐದರಂತೆ ಏರಿದರೆ ಹತ್ತು ವರ್ಷಕ್ಕೆ ಹದಿನಾಲ್ಕು ಸಾವಿರದ ಮೇಲೆ. ಎಲ್ಲ ಸೇರಿ 43,000. ಹತ್ತು ವಾರದ ವಾಸಕ್ಕೆ. ವಾರಕ್ಕೆ 4,300 ಡಾಲರ್ ಬಿತ್ತು. ನಾನು ಫೋನ್ ತೆಗೆದು ನೋಡಿದೆ. ಅದೇ ಬೀದಿಯಲ್ಲಿ ಎರಡು ಬೆಡ್‌ರೂಮಿನ ಮನೆ, ತೆರಿಗೆ ಎಲ್ಲ ಸೇರಿ, ವಾರಕ್ಕೆ 1,600.

ಸಾಲ ತೀರಿದ ಮೇಲೆ ಲಾಭ ಶುರುವಾಗುತ್ತದೆ ಅಂತ ಆ ಸೇಲ್ಸ್‌ಮನ್ ಹೇಳಿದ್ದ. ಹನ್ನೊಂದನೇ ವರ್ಷ ಮೇಂಟೆನೆನ್ಸ್ ಒಂದೇ 1,870 ಮುಟ್ಟಿರುತ್ತದೆ. ಅಷ್ಟೊತ್ತಿಗೆ ಬಾಡಿಗೆಯೂ ಏರಿರುತ್ತದೆ, ಒಪ್ಪಿದೆ. ಆದರೂ ವರ್ಷಕ್ಕೆ ಒಂದಷ್ಟು ಡಾಲರ್ ಉಳಿಸಲಿಕ್ಕೆ ಹತ್ತು ವರ್ಷ ಇಷ್ಟೊಂದು ಸುರಿಯಬೇಕಾ?

ಅಪ್ಪಯ್ಯ ಪೆನ್ನು ಮುಚ್ಚಿ ಇನ್ನೊಂದೇ ಒಂದು ಪ್ರಶ್ನೆ ಕೇಳಿದರು. 'ಅಲ್ಲ ಮಾರಾಯ, ನಾಳೆ ಬೇಡ ಅಂತ ಕಂಡ್ರೆ ಇದನ್ನ ತಗೊಳೋರು ಯಾರು?'

ಇ-ಬೇಯಲ್ಲಿ ಹುಡುಕಿದೆ. ಆ ರೆಸಾರ್ಟಿನ ವಾರವನ್ನೇ ಒಬ್ಬರು ಒಂದು ಡಾಲರಿಗೆ ಮಾರಾಟಕ್ಕೆ ಇಟ್ಟಿದ್ದರು. ತಪ್ಪು ಓದಿಲ್ಲ ನೀವು, ಒಂದು ಡಾಲರ್. ವರ್ಗಾವಣೆಯ ಖರ್ಚೂ ತಾವೇ ಕೊಡುತ್ತೇವೆ ಅಂತ ಬರೆದಿದ್ದರು. ಯಾಕೆ ಅಂದರೆ ಇಲ್ಲಿ ಹಳೇ ಬಗೆಯ ಟೈಮ್‌ಶೇರ್‌ಗೆ ಮನೆಗೆ ಇರುವಂತೆಯೇ ಕ್ರಯಪತ್ರ ಇರುತ್ತದೆ, ಕೊನೆ ಅಂತ ಇರುವುದಿಲ್ಲ. ಹೋಗಲಿ, ಬಿಡಲಿ, ಮೇಂಟೆನೆನ್ಸ್ ಬಿಲ್ ಬರುತ್ತಲೇ ಇರುತ್ತದೆ. ಕಟ್ಟದಿದ್ದರೆ ವಸೂಲಿ ಏಜೆನ್ಸಿಯವರ ಫೋನು, ಕ್ರೆಡಿಟ್ ಸ್ಕೋರಿಗೆ ಪೆಟ್ಟು. ಚಂಡಮಾರುತಕ್ಕೆ ಛಾವಣಿ ಹಾರಿತು ಅಂದರೆ ಎಲ್ಲರ ಮೇಲೂ ಬೇರೆ ವಸೂಲಿ. ಒರ್ಲ್ಯಾಂಡೊ ಇರುವ ಫ್ಲಾರಿಡಾದಲ್ಲಿ ಚಂಡಮಾರುತಕ್ಕೇನು ಬರ. ಮಕ್ಕಳಿಗೂ ಇದು ಸಿಗುತ್ತದೆ ಅಂತ ಅವನು ಹೇಳಿದ್ದು ಸುಳ್ಳಲ್ಲ, ಬಿಲ್ಲೂ ಸೇರಿ ಸಿಗುತ್ತದೆ ಅನ್ನೋದನ್ನ ಮಾತ್ರ ಹೇಳಿರಲಿಲ್ಲ. ಮಕ್ಕಳು ಆಗ ಬೇಡ ಅಂತ ಬರೆದು ಕೊಡಬಹುದು, ಆದರೆ ಅದಕ್ಕೂ ಕಾಗದ ಪತ್ರ, ಓಡಾಟ.

ಒಂದು ಪುಣ್ಯ. ಫ್ಲಾರಿಡಾದ ಕಾನೂನು ಸಹಿ ಹಾಕಿದವನಿಗೆ ಹತ್ತು ದಿನ ಕೊಡುತ್ತದೆ. ಕಾರಣ ಹೇಳಬೇಕಿಲ್ಲ, ಬರವಣಿಗೆಯಲ್ಲಿ ಬೇಡ ಅಂದರೆ ಮುಗಿಯಿತು. ಈ ಹಕ್ಕು ಬಿಟ್ಟುಕೊಡುತ್ತೇನೆ ಅಂತ ನಾವೇ ಸಹಿ ಹಾಕಿದರೂ ಅದು ನಡೆಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಏಳು ದಿನ, ನೆವಾಡಾದಲ್ಲಿ ಐದೇ ದಿನ. ಲಾಸ್ ವೇಗಸ್‌ನಲ್ಲಿ ಸಹಿ ಹಾಕಿದವರು ಊರಿಗೆ ಬಂದು ಬಟ್ಟೆ ಒಗೆದು ಮಡಚುವಷ್ಟರಲ್ಲಿ ಗಡುವು ತೀರಿರುತ್ತದೆ. ಸೋಮವಾರ ಸಹಿ ಹಾಕಿದ್ದ ನಾನು ಗುರುವಾರ ಅಂಚೆ ಕಚೇರಿಯಲ್ಲಿ ಸರ್ಟಿಫೈಡ್ ಮೇಲ್ ಮಾಡಿ ರಸೀದಿಯನ್ನು ಪರ್ಸಿನಲ್ಲಿ ಇಟ್ಟುಕೊಂಡೆ. ಮೂರು ವಾರದ ಮೇಲೆ ಎರಡು ಸಾವಿರ ಕಾರ್ಡಿಗೆ ವಾಪಸ್ ಬಂತು. ಪುಕ್ಕಟೆ ಟಿಕೆಟ್ ಮಾತ್ರ ಅಷ್ಟೊತ್ತಿಗೆ ಖರ್ಚಾಗಿತ್ತು. ಅದರ ಬಗ್ಗೆ ನನಗೆ ಸ್ವಲ್ಪವೂ ದಾಕ್ಷಿಣ್ಯ ಕಾಡಲಿಲ್ಲ.

ದುಡ್ಡಿನ ಲೆಕ್ಕ ಹೀಗಾಯಿತು. ಆದರೆ ಆಮೇಲೆ ಯೋಚನೆ ಮಾಡಿದಾಗ ಹೊಳೆದದ್ದು ಬೇರೆ. ನಾನು ಆ ವಾರ ಕೊಂಡುಕೊಂಡಿದ್ದರೂ ಹೋಗುತ್ತಿದ್ದದ್ದು ಯಾವಾಗ? ಈ ದೇಶದಲ್ಲಿ ಸಂಬಳದ ರಜೆ ಕೊಡಲೇಬೇಕು ಅಂತ ಕೇಂದ್ರದ ಕಾನೂನೇ ಇಲ್ಲ. ಕಂಪನಿ ಕೊಟ್ಟದ್ದೇ ಪ್ರಸಾದ. ನನಗೆ ವರ್ಷಕ್ಕೆ ಹದಿನೈದು ದಿನ. ಅದರಲ್ಲಿ ಮಕ್ಕಳ ಜ್ವರ, ವೀಸಾ ಸ್ಟಾಂಪಿಂಗ್, ಯಾರದೋ ಗೃಹಪ್ರವೇಶ. ಉಳಿದದ್ದನ್ನು ಕೂಡಿಟ್ಟು ಎರಡು ವರ್ಷಕ್ಕೊಮ್ಮೆ ಮೂರು ವಾರ ಊರಿಗೆ ಹೋಗಿ ಬರುತ್ತೇವೆ. ನಮ್ಮಂಥ ಬಹಳ ಮನೆಗಳ ಕಥೆ ಇದೇ. ಅಂಥವನಿಗೆ ವರ್ಷಕ್ಕೊಂದು ವಾರದ ಫ್ಲಾಟ್ ಮಾರುವುದು ಊಟಕ್ಕೆ ಹೊತ್ತಿಲ್ಲದವನಿಗೆ ಬೆಳ್ಳಿ ತಟ್ಟೆ ಮಾರಿದ ಹಾಗೆ.

ಅದಕ್ಕೂ ಆ ಸೇಲ್ಸ್‌ಮನ್ ಹತ್ತಿರ ಉತ್ತರ ಇತ್ತು ಅನ್ನಿ. ಬೇರೆಬೇರೆ ರೆಸಾರ್ಟಿನ ವಾರಗಳನ್ನು ಅದಲುಬದಲು ಮಾಡಿಕೊಡುವ ಕಂಪನಿಗಳಿವೆ. ಆರ್‌ಸಿಐ ಅನ್ನೋದು 1974ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಶುರುವಾದದ್ದು. ನಿಮ್ಮ ಒರ್ಲ್ಯಾಂಡೊ ವಾರ ಕೊಟ್ಟು, ಮೇಲೆ ಒಂದಷ್ಟು ಫೀಸು ಕೊಟ್ಟರೆ ಗೋವಾದಲ್ಲೋ ಕೊಡಗಿನಲ್ಲೋ ಒಂದು ವಾರ ಸಿಗಬಹುದು. 'ಇಂಡಿಯಾಗೂ ಹೋಗಬಹುದು ಅಂಕಲ್‌ಜೀ!' ಅಮ್ಮನಿಗೆ ಇದನ್ನು ಕನ್ನಡದಲ್ಲಿ ಹೇಳಿದೆ. 'ಊರಿಗೆ ಬಂದು ಹೋಟ್ಲಲ್ಲಿ ಇಳ್ಕೊಂಡ್ರೆ ಜನ ಏನಂತಾರೆ?' ಅಂದರು. ಅಲ್ಲಿಗೆ ಆ ವಿಷಯ ಮುಗಿಯಿತು.

ತಮಾಷೆ ಅಂದರೆ ನಮ್ಮ ಮನೆಯವರಿಗೆ ಟೈಮ್‌ಶೇರ್ ಹೊಸದೇನಲ್ಲ. ಊರಿನ ಮನೆ ಅಪ್ಪಯ್ಯ ಮತ್ತು ಇಬ್ಬರು ಚಿಕ್ಕಪ್ಪಂದಿರ ಹೆಸರಿನಲ್ಲಿದೆ. ದೀಪಾವಳಿಗೆ ಒಬ್ಬರು, ಬೇಸಿಗೆ ರಜೆಗೆ ಇನ್ನೊಬ್ಬರು, ಜೂನ್‌ನಲ್ಲಿ ಜಡಿಮಳೆಗೆ ಸರಿಯಾಗಿ ನಾವು. ಯಾರು ಯಾವ ಕೋಣೆ ಅಂತ ಹೇಳದೆಯೇ ಗೊತ್ತು. ಮೇಂಟೆನೆನ್ಸ್ ಕೂಡ ಇದೆ. ವರ್ಷವೂ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಬೇಕು. ಮಂಗ ಹಾರಿ ಒಡೆದ ಹೆಂಚು ಬದಲಿಸಬೇಕು, ಗೆದ್ದಲು ಹಿಡಿದ ರೀಪು ತೆಗೆಸಬೇಕು. ಈಗ ಆ ಕೆಲಸಕ್ಕೆ ಆಳು ಸಿಗುವುದೇ ಕಷ್ಟ, ಸಿಕ್ಕಿದರೂ ಕೂಲಿ ಜಾಸ್ತಿ. ಒಂದು ಮಳೆಗಾಲ ಹಲಸಿನ ಮರದ ಕೊಂಬೆ ಕೊಟ್ಟಿಗೆಯ ಮೇಲೆ ಬಿತ್ತು. ಇಲ್ಲಿಯ ಚಂಡಮಾರುತದ ವಸೂಲಿಯಂತೆಯೇ ಮೂರು ಪಾಲಾಯಿತು. ಬೆಂಗಳೂರಿನ ಚಿಕ್ಕಪ್ಪ ವಾಟ್ಸಾಪ್‌ನಲ್ಲಿ ಬರೆದರು: 'ನಾವು ಹೋಗೋದೇ ಎರಡು ದಿನ, ಸಮಪಾಲು ಯಾಕೆ?' ಟೈಮ್‌ಶೇರ್ ಇಟ್ಟುಕೊಂಡ ಅಮೆರಿಕದವರು ವರ್ಷವರ್ಷ ಕೇಳುವ ಪ್ರಶ್ನೆ ಶಬ್ದವೂ ಬಿಡದೆ ಇದೇ.

ಕೊಡದಿದ್ದರೆ ಏನಾಗುತ್ತದೆ ಅನ್ನೋದರಲ್ಲಿ ಮಾತ್ರ ವ್ಯತ್ಯಾಸ. ಇಲ್ಲಿ ಕ್ರೆಡಿಟ್ ಸ್ಕೋರು ಬೀಳುತ್ತದೆ. ಅಲ್ಲಿ ಮುಂದಿನ ಮದುವೆ ಮನೆಯಲ್ಲಿ ಚಿಕ್ಕಮ್ಮನ ಎದುರು ಕೂರುವುದು ಕಷ್ಟ ಆಗುತ್ತದೆ. ಎರಡರಲ್ಲಿ ಯಾವುದು ಬೇಗ ಸರಿಹೋಗುತ್ತದೆ ಅಂತ ನನ್ನನ್ನು ಕೇಳಬೇಡಿ.

ಇನ್ನು ಭಾರತದಲ್ಲಿ ಟೈಮ್‌ಶೇರ್ ಥರವೇ ಮಾರುವ ರೆಸಾರ್ಟ್ ಮೆಂಬರ್‌ಶಿಪ್ ವಿಷಯ. ಟೈಮ್‌ಶೇರ್ ಪದ್ಧತಿ 1960ರ ದಶಕದಲ್ಲಿ ಯುರೋಪಿನಲ್ಲಿ ಹುಟ್ಟಿದ್ದು. ನಮ್ಮಲ್ಲಿ ಸ್ಟರ್ಲಿಂಗ್ ಕಂಪನಿ 1986ರಲ್ಲಿ, ಕ್ಲಬ್ ಮಹೀಂದ್ರ 1996ರಲ್ಲಿ ಶುರುವಾದವು. ಅಲ್ಲಿ ಸಾಮಾನ್ಯವಾಗಿ ಕ್ರಯಪತ್ರ ಇಲ್ಲ, ಇಂತಿಷ್ಟು ವರ್ಷ ಉಳಿದುಕೊಳ್ಳುವ ಹಕ್ಕು ಮಾತ್ರ, ಬಹಳ ಕಡೆ 25 ವರ್ಷ. ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ ಅಂತ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ನನಗೆ ಅದೇ ಅದರ ಒಳ್ಳೆಯ ಗುಣ ಅನಿಸುತ್ತದೆ. ಮಕ್ಕಳ ತಲೆಗೆ ಕಟ್ಟುವುದಿಲ್ಲವಲ್ಲ.

ಪುಣೆಯಲ್ಲಿರುವ ಭಾವ ಒಂದು ಮೆಂಬರ್‌ಶಿಪ್ ಇಟ್ಟುಕೊಂಡಿದ್ದಾರೆ. ಯಾವ ಕಂಪನಿಯದು ಅಂತ ಬೇಡ. ವರ್ಷದ ಶುಲ್ಕ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ, ಊಟ ಬೇರೆ. ಊಟದ ಬಿಲ್ ನೋಡಿ ಅಕ್ಕ ಮೊದಲ ವರ್ಷ ಹೌಹಾರಿದ್ದಳು, ಈಗ ಚಟ್ನಿಪುಡಿ, ಅವಲಕ್ಕಿ ಕಟ್ಟಿಕೊಂಡೇ ಹೋಗುತ್ತಾಳೆ. ಮೇ ತಿಂಗಳ ರೂಮು ಬೇಕಾದರೆ ಬುಕಿಂಗ್ ತೆರೆದ ದಿನವೇ ಕೂರಬೇಕು. ನಾನು ಲೆಕ್ಕ ತೆಗೆದು ಅವರಿಗೆ ಬುದ್ಧಿ ಹೇಳಲಿಕ್ಕೆ ಹೋದೆ. ಭಾವ ನಕ್ಕರು. 'ನೀ ಹೇಳೋದು ಸರಿ ಮಾರಾಯ. ಆದ್ರೆ ದುಡ್ಡು ಕಟ್ಟಿದೀನಿ ಅಂತಲೇ ನಾನು ಫ್ಯಾಕ್ಟರಿ ಬಿಟ್ಟು ಹೊರಡೋದು. ಇಲ್ದಿದ್ರೆ ಈ ಒಂಬತ್ತು ವರ್ಷದಲ್ಲಿ ನಿನ್ನ ಅಕ್ಕ ಎಲ್ಲಿಗೆ ಹೋಗಿರ್ತಿದ್ಲು?' ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ರೋಷರ್ ಬೆನ್ನಿನ ಲೆಕ್ಕದಲ್ಲಿ ಈ ಸಾಲು ಬಂದಿರಲಿಲ್ಲ.

ಹಾಗಾಗಿ ಯಾರೂ ಕೊಳ್ಳಬಾರದು ಅಂತ ನಾನು ಹೇಳುವುದಿಲ್ಲ. ಶಾಲೆಯ ರಜೆಗೆ ಕಟ್ಟುಬಿದ್ದವರು, ಪ್ರತಿ ವರ್ಷ ಅದೇ ಊರಿಗೆ ಹೋದರೂ ಬೇಜಾರಾಗದವರು, ಸಾಲ ಇಲ್ಲದೆ ಕೊಡಬಲ್ಲವರು ಕೊಳ್ಳಲಿ. ಆದರೆ ಆ ತಿಂಡಿ ಕೊಟ್ಟು ಕೂರಿಸಿದ ಮೇಜಿನಲ್ಲಿ ಮಾತ್ರ ಬೇಡ. ಕೈಬದಲಾದ ವಾರಗಳು ಮೂಲ ಬೆಲೆಯ ಸಣ್ಣ ಪಾಲಿಗೆ ಸಿಗುತ್ತವೆ. ಅದಕ್ಕೂ ಮುಂಚೆ ಒಂದೆರಡು ವರ್ಷ, ಟೈಮ್‌ಶೇರ್ ಇದ್ದವರಿಂದಲೇ ಅವರ ವಾರವನ್ನು ಬಾಡಿಗೆಗೆ ತೆಗೆದುಕೊಂಡು ನೋಡಿ. ಹೋಗಲಾಗದವರು ಎಷ್ಟೋ ಸಲ ಮೇಂಟೆನೆನ್ಸ್ ದುಡ್ಡು ಹುಟ್ಟಿದರೆ ಸಾಕು ಅಂತ ಕೊಟ್ಟುಬಿಡುತ್ತಾರೆ. ಈಗಾಗಲೇ ಕೊಂಡು ಸಿಕ್ಕಿಬಿದ್ದಿದ್ದರೆ, ನಿಮ್ಮ ವಾರಕ್ಕೆ ಗಿರಾಕಿ ಇದ್ದಾನೆ, ಮೊದಲು ಫೀಸ್ ಕಟ್ಟಿ ಅಂತ ಬರುವ ಫೋನ್‌ಗಳನ್ನು ಸುಮ್ನೆ ಇಟ್ಟುಬಿಡಿ. ಗಿರಾಕಿಯೂ ಇರುವುದಿಲ್ಲ, ಫೀಸೂ ವಾಪಸ್ ಬರುವುದಿಲ್ಲ.

ನಾವು ಈ ಸಲ ಸ್ಪ್ರಿಂಗ್ ಬ್ರೇಕಿಗೆ ಹಾಗೇ ಮಾಡಿದೆವು. ನಿವೃತ್ತರಾದ ಒಬ್ಬ ಟೀಚರಮ್ಮನ ವಾರ, 1,200 ಡಾಲರಿಗೆ. ಕುಕ್ಕರ್ ಕೂಗಿದರೂ ಯಾರೂ ಬೈಯಲಿಲ್ಲ, ಅಮ್ಮನಿಗೆ ವಿಡಿಯೋ ಮಾಡಿ ಕಳಿಸಿದೆ. ಜೂನ್‌ಗೆ ಊರಿಗೆ ಹೋಗುವುದು ಮಾತ್ರ ಇನ್ನೂ ಗಟ್ಟಿಯಾಗಿಲ್ಲ, ಆಫೀಸಿನಲ್ಲಿ ರಜೆ ಕೊಡುವುದು ಅನುಮಾನ. ಮೊನ್ನೆ ಅಪ್ಪಯ್ಯ ಫೋನ್ ಮಾಡಿದ್ದರು. ಹೆಂಚು ಕೈಯಾಡಿಸಲು ಆಳು ಸಿಕ್ಕಿದ್ದಾರೆ, ಚಿಕ್ಕಪ್ಪ ಈ ಸಲ ಗೊಣಗದೆ ಕೊಟ್ಟರು, ನಮ್ಮ ಪಾಲು ಇಷ್ಟು ಅಂದರು. ಬರ್ತೀಯೋ ಇಲ್ವೋ ಅಂತ ಕೇಳಲಿಲ್ಲ. ನಾನೂ ಹೇಳಲಿಲ್ಲ. ರಾತ್ರಿಯೇ ದುಡ್ಡು ಕಳಿಸಿದೆ.